ಪಾಠ ಯೋಜನೆಯಲ್ಲಿ ದಿಂಡಗೂರು ಎಲ್ಲಿದೆ?

ಸಮಾಜ ವಿಜ್ಞಾನದ ಮೇಷ್ಟ್ರಾಗೋಕೆ ಬಿ.ಎಡ್. ಸೇರಿರುವ ನಮ್ಮ ಕೇರಿಯ ಗೆಳೆಯರೇ, ಗೆಳತಿಯರೇ,

ಒಂದು ವರ್ಷದ ಓದನ್ನು 2015ರಿಂದ ಎರಡು ವರ್ಷ ಮಾಡಿದರು. ಕೂಲಿ ಮನೆಗಳಿಗೆ ಇನ್ನೊಂದು ವರ್ಷದ ದುಡಿಮೆ ಹೋಯ್ತು. ಅಷ್ಟು ತೆತ್ತು ಕಲಿಯೋದೇನು? 17ನೇ ವಿಧಿಯಿಂದ ಅಸ್ಪೃಶ್ಯತೆ ರದ್ದಾಯಿತು ಅಂತ ಬೋರ್ಡಿನ ಮೇಲೆ ಬರೆಯೋದು, ಮಕ್ಕಳ ಕೈಲಿ ಒಪ್ಪಿಸೋದು. ಪಾಠ ಮುಗೀತು!

ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನದ ಹೊಸ್ತಿಲು ದಾಟಿದ್ದು 2021ರಲ್ಲಿ, ಅದೂ ಅಧಿಕಾರಿಗಳ ಸಮ್ಮುಖದಲ್ಲಿ. ನಡುವಿನ 71 ವರ್ಷ ಯಾವ ಪಾಠ ಯೋಜನೆಯಲ್ಲಿದೆ?

ಬೋಧನಾಭ್ಯಾಸಕ್ಕೆ ಹೋದಾಗ ಅದನ್ನೇ ಬರೀರಿ. ಹಿಂದೆ ಕೂತು ಅಂಕ ಹಾಕೋರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮಕ್ಕಳನ್ನೇ ಕೇಳಿ: ನಿಮ್ಮೂರಲ್ಲಿ ಗುಡಿ, ಹೋಟ್ಲು, ಕಟಿಂಗ್ ಶಾಪು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ?