ತಂಬಿಗೆ ತಿಕ್ಕಿ, ನಾಣ್ಯ ಬಿಡಿ

ಈ ಸಲ ನನ್ನದೇ ದಡ್ಡತನದ ಕಥೆ.

ಅಜ್ಜಿ ತೀರಿಕೊಂಡ ಮೇಲೆ ಊರಿನ ದೇವರ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ಪುಟ್ಟ ತಾಮ್ರದ ನಾಣ್ಯ. ಒಂದು ಕಡೆ ಆನೆ, ಇನ್ನೊಂದು ಕಡೆ ಮಸುಕು ಮಸುಕಾದ ಅಕ್ಷರ. ಪುಣೆಗೆ ತಂದು ಜೋಪಾನವಾಗಿಟ್ಟಿದ್ದೆ. ದೀಪಾವಳಿಗೆ ಪೂಜೆಗಿಡೋಣವೆಂದು ತಾಮ್ರದ ತಂಬಿಗೆಯ ಜೊತೆ ಅದಕ್ಕೂ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಫಳಫಳ ಹೊಳೆಯಿತು.

ಹಳೆ ನಾಣ್ಯ ಮಾರುವ ಮರಾಠಿ ಹಿರಿಯರೊಬ್ಬರಿಗೆ ತೋರಿಸಿದರೆ, ಭೂತಗನ್ನಡಿ ಹಿಡಿದು ನೋಡಿ, "ತೊಳೆದುಬಿಟ್ಟಿರಾ ಸಾಹೇಬ್?" ಎಂದರು. ಆಮೇಲೆ ಪೆಟ್ಟಿಗೆಯಿಂದ ಅಂಥದ್ದೇ ಇನ್ನೊಂದನ್ನು ತೆಗೆದರು. ಅವರಿಗೆ ಕನ್ನಡ ಬಾರದು, ತಡವರಿಸುತ್ತಾ ನಾನೇ ಓದಿದೆ: 'ರಾಯ ಗಜಗಂಡಭೇರುಂಡ'. ವಿಜಯನಗರದ ಎರಡನೇ ದೇವರಾಯನ ಬಿರುದು, 15ನೇ ಶತಮಾನದ್ದು. ನನ್ನ ನಾಣ್ಯದಲ್ಲಿ ಉಳಿದಿದ್ದು 'ರಾ' ಒಂದೇ.

ತಾಮ್ರದ ಮೇಲೆ ಶತಮಾನಗಳಿಂದ ಕೂತ ಕಂದು-ಹಸಿರು ಪೊರೆ ಕೊಳೆಯಲ್ಲವಂತೆ. ಸವೆದ ನಾಣ್ಯದಲ್ಲಿ ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುವುದೇ ಆ ಪೊರೆಯಲ್ಲಿ. ಹುಳಿ ಅದನ್ನು ಕರಗಿಸಿಬಿಡುತ್ತದೆ.

ಈ ದೇವರಾಯನ ಕಾಲದಲ್ಲೇ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಅಲ್ಲಿನ ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲಿನ ಪಣ, ಬೆಳ್ಳಿಯ ತಾರ, ತಾಮ್ರದ ಜೀತಲ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಆ ಪಣವೇ ನಮ್ಮ ಇಂದಿನ 'ಹಣ'. ವರಹವೆಂದರೆ ನಮಗೆಲ್ಲ ಕೃಷ್ಣದೇವರಾಯನ ಬಾಲಕೃಷ್ಣನೇ ನೆನಪು. ಅದರ ಹಿಂಬದಿಯಲ್ಲಿರುವುದು ನಾಗರಿ ಅಕ್ಷರ. ಸಂತೆಯಲ್ಲಿ ಸೊಪ್ಪು, ಎಣ್ಣೆಗೆ ಕೈ ಬದಲಾಯಿಸಿದ ಈ ತಾಮ್ರದ ಮೇಲೆ ಇದ್ದದ್ದು ಕನ್ನಡ. ನಾನು ತಿಕ್ಕಿ ಕಳೆದದ್ದು ಅದನ್ನೇ.

ಹಿರಿಯರ ನಾಣ್ಯವನ್ನು ಕೊಂಡು ತಂದೆ. ನನ್ನ ಸಂಗ್ರಹ ಶುರುವಾದದ್ದು ಹೀಗೆ. ಕೊಳ್ಳುವಾಗ ನೋಡಬೇಕಾದ್ದನ್ನೂ ಅವರೇ ಕಲಿಸಿದರು: ಮೊದಲು ತೂಕ, ಆಮೇಲೆ ಅಂಚು. ಎರಕ ಹೊಯ್ದ ನಕಲಿಯಾದರೆ ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳು, ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಕಾಣುವುದುಂಟು. ನೆಲ ಅಗೆಯುವಾಗ ಸಿಕ್ಕಿದ್ದನ್ನು ಮಾತ್ರ ಮುಟ್ಟಬಾರದು. ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಅಜ್ಜಿಯ ನಾಣ್ಯವೂ ಪಕ್ಕದಲ್ಲೇ ಇದೆ. ಮಾರಿದರೆ ಬೆಲೆ ಬಾರದು, ಮಾರುವುದೂ ಇಲ್ಲ. ಭಾನುವಾರದ ಕನ್ನಡ ತರಗತಿಗೆ ಹೋಗುವ ಮಗಳು ಆ ಒಂದೇ 'ರಾ' ಓದಿ, "ಮಿಕ್ಕಿದ್ದು ಎಲ್ಲಿ ಅಪ್ಪಾ?" ಎಂದು ಕೇಳುತ್ತಾಳೆ.

ಹಬ್ಬ ಹತ್ತಿರ ಬಂತು. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೂ ಇಂಥದ್ದಿದ್ದರೆ, ದಯವಿಟ್ಟು ತಂಬಿಗೆ ಮಾತ್ರ ತಿಕ್ಕಿ.