ಕಿಟಕಿಯ ಕೈದೋಟ

ಅಂಗಳವಿಲ್ಲದ ಮಾಳಿಗೆಮನೆಯಲ್ಲಿ ಸೊಪ್ಪು ಬೆಳೆಯುವುದು ಅಸಾಧ್ಯವೆಂದು ಬಗೆಯಬೇಡಿರಿ. ಬಿಸಿಲು ಬೀಳುವ ಪೂರ್ವದಿಕ್ಕಿನ ಕಿಟಕಿಯೊಂದಿದ್ದರೆ ಸಾಕು. ಕೊತ್ತಂಬರಿಯ ಕಾಳನ್ನು ಮೆಲ್ಲನೆ ಉಜ್ಜಿ ಎರಡು ಹೋಳಾಗಿಸಿ ಬಿತ್ತತಕ್ಕದ್ದು; ಒಂದೊಂದು ಹೋಳಿನಲ್ಲಿಯೂ ಒಂದೊಂದು ಬೀಜವಿರುವುದು. ಮೆಂತ್ಯವು 3-4 ದಿವಸಗಳಲ್ಲಿ ಮೊಳೆತು, ಸುಮಾರು 25 ದಿವಸಗಳಲ್ಲಿ ಕೊಯ್ಲಿಗೆ ಬರುವುದು. 15 ದಿವಸಗಳಿಗೊಮ್ಮೆ ಬೇರೊಂದು ಕುಂಡದಲ್ಲಿ ಬಿತ್ತುತ್ತ ಬಂದರೆ ವರ್ಷವಿಡೀ ಸೊಪ್ಪು ದೊರೆಯುವುದು.

ಮೊಣಕಾಲುನೋವಿನಿಂದ ಮೆಟ್ಟಿಲಿಳಿಯಲಾರದ ನಮ್ಮ ಮನೆಯಾಕೆಗೆ ಬೇಗನೆ ಹಸುರು ತೋರಿಸಬೇಕೆಂಬ ಆತುರದಿಂದ ನಾನು ದಿನಕ್ಕೆ ಮೂರಾವರ್ತಿ ನೀರೆರೆದೆನು. ಮೊದಲ ಬೆಳೆ ಕೊಳೆತುಹೋಯಿತು! ಬೇರಿಗೂ ವಾಯು ಬೇಕು. ಮಣ್ಣಿನಲ್ಲಿ ನೀರು ನಿಂತರೆ ಅದಕ್ಕೆ ಉಸಿರುಕಟ್ಟುವುದು. ಕುಂಡದ ತಳದಲ್ಲಿ ರಂಧ್ರವಿರಲಿ. ಮೇಲ್ಮಣ್ಣು ಬೆರಳಿಗೆ ಒಣಗಿ ತೋರಿದಾಗಲೇ ನೀರೆರೆಯಿರಿ.

ಈಗ ಆಕೆಯೇ ಕೈಯಾರೆ ಸೊಪ್ಪು ಚಿವುಟಿ ಸಾರಿಗೆ ಹಾಕುತ್ತಾಳೆ. ಅಕ್ಕರೆಗೂ ಅಳತೆ ಬೇಕೆಂಬ ಪಾಠ ಈ ಉಪಾಧ್ಯಾಯನಿಗೂ ಆಯಿತು.