ಫೋನಿನ ಡಾಕ್ಟರಿಗೆ ಗಡಿ ಇಲ್ಲ, ರೋಗಿಗೆ ಉಂಟು

ಕುಂಜತ್ತೂರಿನ ನಮಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ಕಾಸರಗೋಡಿಗಿಂತ ಅದು ಹತ್ತಿರ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆ ಹೋಗಲಾಗದೆ ಸತ್ತವರ ಸುದ್ದಿ ಓದಿದೆವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸಲು ಹೇಳಿತು. ಸಂಗತಿ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಅದೇ ಮಾರ್ಚ್ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ನಿಯಮ ಹೊರಡಿಸಿತು. ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಗೂ ಫೋನಿನಲ್ಲೇ ಸಲಹೆ ಕೊಡಬಹುದು. ಬೆನ್ನಿಗೇ ಇ-ಸಂಜೀವನಿ ಓಪಿಡಿ ಬಂತು. ಬಿಪಿ, ಸಕ್ಕರೆ ಕಾಯಿಲೆಯವರಿಗೆ, ಹಳೆ ಮದ್ದು ಮುಂದುವರಿಸುವವರಿಗೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯಿತು. ಒಳ್ಳೆಯದೇ.

ಆದರೆ ಒಂದು ಮಾತುಂಟು. ಆಂಧ್ರದ ಅರಗೊಂಡದಲ್ಲಿ 2000ರಲ್ಲೇ ಟೆಲಿಮೆಡಿಸಿನ್ ಶುರುವಾಗಿತ್ತು. ಆಮೇಲೆ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಲ್ಲಿ ರೋಗಿಯ ಪಕ್ಕದಲ್ಲೂ ಒಂದು ಆಸ್ಪತ್ರೆ ಇತ್ತು, ನಾಡಿ ಹಿಡಿಯುವ ಕೈ ಇತ್ತು. ಮನೆಯಲ್ಲಿ ಫೋನು ಹಿಡಿದು ಕೂತ ಅಜ್ಜಿಯ ಪಕ್ಕ ಯಾರಿದ್ದಾರೆ?

ಇನ್ನು ಭಾಷೆ. ಎರಡು ಭಾಷೆಯಲ್ಲಿ ಕವಿತೆ ಬರೆಯುವ ನನಗೆ ಇದರ ಕಷ್ಟ ಗೊತ್ತು. ತೆಲುಗಿನಲ್ಲಿ ಮಂಟ ಬೇರೆ, ಪೋಟು ಬೇರೆ. ಕನ್ನಡದಲ್ಲಿ ಉರಿ ಬೇರೆ, ಚಳುಕು ಬೇರೆ. ಎದೆ ಉರಿಯುತ್ತದೋ ಚಳುಕುತ್ತದೋ ಎಂಬುದರ ಮೇಲೆ ಮದ್ದು ನಿಂತಿದೆ. ತುಳು, ಕನ್ನಡ ಮಾತ್ರ ಬಲ್ಲ ರೋಗಿ ಮಲಯಾಳ ಮಾತ್ರ ಬಲ್ಲ ಡಾಕ್ಟರಿಗೆ ಅದನ್ನು ಫೋನಿನಲ್ಲಿ ತಿಳಿಸುವುದು ಹೇಗೆ ಮಾರಾಯ್ರೇ? ಎದುರಿಗಿದ್ದರೆ ಕೈಯಿಟ್ಟಾದರೂ ತೋರಿಸಬಹುದು.

ತುರ್ತು ಕಾಯಿಲೆಯಾದರೆ ಪ್ರಥಮ ಚಿಕಿತ್ಸೆ ಹೇಳಿ ಆಸ್ಪತ್ರೆಗೆ ಕಳಿಸಿ ಎಂದು ಆ ನಿಯಮವೇ ಹೇಳುತ್ತದೆ. ಹೆರಿಗೆ, ಡಯಾಲಿಸಿಸ್, ಹೃದಯಾಘಾತ ಫೋನಿನಲ್ಲಿ ಮುಗಿಯುವುದಿಲ್ಲ. ಕೊನೆಗೆ ಬೇಕಾದದ್ದು ರಸ್ತೆಯೇ.

ಆದುದರಿಂದ ಎರಡೂ ಸರಕಾರಗಳಲ್ಲಿ ನಮ್ಮ ಕೇಳಿಕೆ ಮೂರು. ಫೋನಿನಲ್ಲಿ ಕನ್ನಡ, ತುಳು ಬಲ್ಲ ಡಾಕ್ಟರು ಸಿಗಲಿ. ಊರಿನ ಉಪಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡಿ ಡಾಕ್ಟರಿಗೆ ವಿವರಿಸುವ ನರ್ಸಮ್ಮ ರೋಗಿಯ ಪಕ್ಕ ಕೂರಲಿ. ಯಾವ ರೋಗ ಬಂದರೂ, ಯಾವ ಸರಕಾರವಿದ್ದರೂ, ತಲಪಾಡಿಯಲ್ಲಿ ಆಂಬುಲೆನ್ಸು ನಿಲ್ಲದಿರಲಿ. ಮೊದಲೆರಡಕ್ಕೆ ಹಣ ಬೇಕು. ಮೂರನೆಯದಕ್ಕೆ ಮನಸ್ಸು ಸಾಕು.